ಸಾಲ್ಸ್‌ಬರಿಗೆ ಒಂದು ದಿನ: ಯಾವುದು ಮೊದಲು, ಯಾವುದು ಆಮೇಲೆ

ಲಂಡನ್ನಿಗೆ ಬಂದ ನಮ್ಮವರು ಕ್ಯಾಥೆಡ್ರಲ್ ಎಂಬ ದೊಡ್ಡ ಹಳೇ ಚರ್ಚು ಇರುವ ಸಾಲ್ಸ್‌ಬರಿ ಊರು ನೋಡಿಕೊಂಡು ಬಂದ ಮೇಲೆ ನನಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಕಲ್ಲು ನೋಡಿದ್ವಿ. ಕ್ಯಾಥೆಡ್ರಲ್ ಹೊರಗಿಂದ ನೋಡಿದ್ವಿ. ಒಳಗೆ ಹೋಗೋಷ್ಟರಲ್ಲಿ ಬಾಗಿಲು ಹಾಕ್ತಿದ್ರು." ಮೊದಲ ಸಲ ನನ್ನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ನನಗೂ ಹೀಗೇ ಆಗಿತ್ತು. ಬೆಳಗ್ಗೆ ಊರ ಹೊರಗಿನ ಪುರಾತನ ಕಲ್ಲುಗಳ ವೃತ್ತ ಸ್ಟೋನ್‌ಹೆಂಜ್‌ಗೆ ಹೋದೆವು, ಬಸ್ಸು ಕಾದೆವು, ಊಟಕ್ಕೆ ಜಾಗ ಹುಡುಕಿದೆವು. ಕ್ಯಾಥೆಡ್ರಲ್ ಮುಟ್ಟುವಾಗ ನಾಲ್ಕು ದಾಟಿತ್ತು. ಅಮ್ಮನಿಗೆ ಅಲ್ಲಿರುವ ಮ್ಯಾಗ್ನಾ ಕಾರ್ಟಾ, ಅಂದರೆ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಹಳೇ ಸನ್ನದು, ತೋರಿಸಬೇಕೆಂದು ತಿಂಗಳಿಂದ ಅಂದುಕೊಂಡಿದ್ದೆ. ತೋರಿಸಲು ಆಗಲಿಲ್ಲ.

ಆಮೇಲೆ ಬೇರೆ ಬೇರೆ ಕಾಲದಲ್ಲಿ ಹಲವು ಸಲ ಹೋಗಿದ್ದೇನೆ. ಅದರಿಂದ ನನಗೆ ಗೊತ್ತಾಗಿದ್ದು ಇಷ್ಟು. ಊರು ಚಿಕ್ಕದು, ನಡೆದೇ ಮುಗಿಸಬಹುದು. ಆದರೆ ಮುಖ್ಯವಾದದ್ದೆಲ್ಲ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಕ್ಯಾಥೆಡ್ರಲ್‌ನ ಟವರ್ (ಗೋಪುರ) ಏರಲು ಒಂದು ಸಮಯ, ಮ್ಯಾಗ್ನಾ ಕಾರ್ಟಾ ನೋಡಲು ಒಂದು ಸಮಯ, ಸಂಜೆಯ ಹಾಡಿನ ಪ್ರಾರ್ಥನೆಗೆ (ಈವನ್‌ಸಾಂಗ್) ಒಂದು ಸಮಯ. ಈ ಮೂರನ್ನು ಮೊದಲು ಕೂರಿಸಿ, ಉಳಿದಿದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷ್ ಅಕ್ಷರ ನೋಡಿ "ಸ್ಯಾಲಿಸ್‌ಬರಿ" ಅನ್ನಬೇಡಿ. ಅಲ್ಲಿಯವರು "ಸಾಲ್ಸ್‌ಬ್ರಿ" ಅನ್ನುತ್ತಾರೆ. ನಿಲ್ದಾಣದಲ್ಲಿ ದಾರಿ ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ಹಂತ 1: ದಿನ ಆರಿಸುವುದು

ಮಂಗಳವಾರ ಇಲ್ಲವೇ ಶನಿವಾರ ಹೋದರೆ ಊರ ನಡುವಿನ ಮಾರ್ಕೆಟ್ ಪ್ಲೇಸ್‌ನಲ್ಲಿ ಸಂತೆ ಇರುತ್ತದೆ. ನನ್ನ ಮೊದಲ ಆಯ್ಕೆ ಮಂಗಳವಾರ. ಸಂತೆಯೂ ಸಿಗುತ್ತದೆ, ವಾರಾಂತ್ಯದ ಜನಜಂಗುಳಿಯೂ ಇರುವುದಿಲ್ಲ.

ಭಾನುವಾರ ಬೇಡ. ಬೆಳಗ್ಗೆ ಪೂಜೆ, ಪ್ರಾರ್ಥನೆಗಳು ನಡೆಯುವುದರಿಂದ ಪ್ರವಾಸಿಗಳನ್ನು ಒಳಗೆ ಬಿಡುವುದೇ ಮಧ್ಯಾಹ್ನದ ಹೊತ್ತಿಗೆ. ದೊಡ್ಡ ಅಂಗಡಿಗಳು ತಡವಾಗಿ ತೆರೆದು ಬೇಗ ಮುಚ್ಚುತ್ತವೆ. ಇನ್ನೂ ದೊಡ್ಡ ತೊಂದರೆ ರೈಲಿನದು. ಇಂಗ್ಲೆಂಡಿನಲ್ಲಿ ಹಳಿ ರಿಪೇರಿ ಕೆಲಸವನ್ನು ಸಾಮಾನ್ಯವಾಗಿ ಭಾನುವಾರಕ್ಕೆ, ಸಾಲು ರಜೆಗೆ ಇಟ್ಟುಕೊಳ್ಳುತ್ತಾರೆ. ಆಗ ಅರ್ಧ ದಾರಿಗೆ ರೈಲು, ಇನ್ನರ್ಧಕ್ಕೆ ಬಸ್ಸು. ಒಂದೂವರೆ ಗಂಟೆಯ ಪ್ರಯಾಣ ಎರಡೂವರೆ ಗಂಟೆ ಆದರೂ ಆಶ್ಚರ್ಯವಿಲ್ಲ.

ತಿಂಗಳು ಯಾವುದು ಅನ್ನುವುದೂ ಮುಖ್ಯ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಚಳಿಗಾಲದಲ್ಲಿ ಹೊರಗೆ ನೋಡುವುದನ್ನೆಲ್ಲ ಎರಡೂವರೆಯೊಳಗೆ ಮುಗಿಸಿ.

*ಎಚ್ಚರಿಕೆ:* ಇದು ಇಂದಿಗೂ ಪೂಜೆ ನಡೆಯುವ ಜಾಗ. ದೊಡ್ಡ ಸಮಾರಂಭ, ಸಂಗೀತ ಕಛೇರಿ ಇದ್ದರೆ ಕೆಲವು ಭಾಗ, ಕೆಲವೊಮ್ಮೆ ಇಡೀ ಕಟ್ಟಡ ಪ್ರವಾಸಿಗಳಿಗೆ ಬಂದ್ ಆಗುತ್ತದೆ. ರೈಲು ಟಿಕೆಟ್ ಕೊಳ್ಳುವ ಮೊದಲು ಕ್ಯಾಥೆಡ್ರಲ್‌ನ ಜಾಲತಾಣದಲ್ಲಿ ಆ ದಿನದ ವೇಳೆ ನೋಡಿ. ಹೋಗುವ ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ.

ಹಂತ 2: ಮೊದಲು ಟವರ್, ಆಮೇಲೆ ರೈಲು

ಬುಕಿಂಗ್ ಮಾಡುವಾಗ ಎಲ್ಲರೂ ರೈಲಿನಿಂದ ಶುರುಮಾಡುತ್ತಾರೆ. ರೈಲು ದಿನವಿಡೀ ಇದೆ. ಸೀಟು ಸಿಗದಿದ್ದರೆ ನಿಂತಾದರೂ ಹೋಗಬಹುದು. ಟವರ್ ಟೂರ್ ಹಾಗಲ್ಲ. ಗೈಡ್ ಜೊತೆ ಸಣ್ಣ ಗುಂಪುಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಬೇಸಿಗೆಯಲ್ಲಿ, ಶಾಲೆಯ ರಜೆಯಲ್ಲಿ ಜಾಗ ಬೇಗ ತುಂಬಿಹೋಗುತ್ತದೆ. ಬಾಗಿಲಿಗೆ ಹೋಗಿ ಕೇಳಿದರೆ "ಇವತ್ತಿಗೆ ಮುಗೀತು" ಅನ್ನುವ ಉತ್ತರವೇ ಜಾಸ್ತಿ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಟವರ್ ಟೂರ್ ಬುಕ್ ಮಾಡಿ. ಮಧ್ಯಾಹ್ನ ಒಂದರ ಆಸುಪಾಸಿನ ಗುಂಪು ಸಿಕ್ಕಿದರೆ ಒಳ್ಳೆಯದು. ಬೆಳಗ್ಗೆ ರೈಲು ತಡವಾದರೂ ತಪ್ಪುವುದಿಲ್ಲ, ಕೆಳಗೆ ಮುಖ್ಯವಾದದ್ದನ್ನು ಅಷ್ಟರಲ್ಲಿ ನೋಡಿರುತ್ತೀರಿ. ಆಮೇಲೆ ಆ ದಿನ ಈವನ್‌ಸಾಂಗ್ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ಅದಕ್ಕೆ ಬುಕಿಂಗ್ ಬೇಕಿಲ್ಲ, ದುಡ್ಡೂ ಇಲ್ಲ. ಕೊನೆಯಲ್ಲಿ ರೈಲು.

ಟವರ್ ಏರದವರಿಗೂ ಕ್ಯಾಥೆಡ್ರಲ್ ಒಳಗೆ ಹೋಗಲು ಬೇರೆ ಟಿಕೆಟ್ ಇದೆ. ಟವರ್ ಟಿಕೆಟ್‌ನಲ್ಲಿ ಏನೇನು ಸೇರಿದೆ ಅಂತ ಬುಕ್ ಮಾಡುವಾಗಲೇ ಓದಿಕೊಳ್ಳಿ. ಸುಮ್ನೆ ಎರಡೆರಡು ಸಲ ದುಡ್ಡು ಕೊಟ್ಟವರಿದ್ದಾರೆ.

ಹಂತ 3: ರೈಲು ಟಿಕೆಟ್

ಲಂಡನ್ ವಾಟರ್‌ಲೂ ನಿಲ್ದಾಣದಿಂದ ನೇರ ರೈಲಿದೆ. ಸುಮಾರು ಒಂದೂವರೆ ಗಂಟೆ. ವೋಕಿಂಗ್, ಬೇಸಿಂಗ್‌ಸ್ಟೋಕ್, ಆಂಡೋವರ್ ದಾಟಿ ಸಾಲ್ಸ್‌ಬರಿ. ಬಾತ್, ಸೌತಾಂಪ್ಟನ್ ಕಡೆಯಲ್ಲಿ ಇರುವವರಿಗೂ ಅಲ್ಲಿಂದಲೇ ನೇರ ರೈಲು ಸಿಗುತ್ತದೆ, ಲಂಡನ್ನಿಗೆ ಬರಬೇಕಿಲ್ಲ.

ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು: ಲಂಡನ್ ಮೆಟ್ರೋದಲ್ಲಿ ಮಾಡಿದ ಹಾಗೆ ಗೇಟಿಗೆ ಆಯ್ಸ್ಟರ್ ಕಾರ್ಡ್ (ಲಂಡನ್ನಿನ ಬಸ್ಸು, ಮೆಟ್ರೋ ಕಾರ್ಡ್) ತೋರಿಸಿ ಹತ್ತಿಬಿಡುವುದು. ಆಯ್ಸ್ಟರ್ ಸಾಲ್ಸ್‌ಬರಿವರೆಗೆ ನಡೆಯುವುದಿಲ್ಲ. ಟಿಕೆಟ್ ಇಲ್ಲದ ಪ್ರಯಾಣ ಅಂತ ದಂಡ ಹಾಕುತ್ತಾರೆ. ಮೊದಲೇ ಟಿಕೆಟ್ ಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ.

ಯಾವ ಟಿಕೆಟ್? ವಾರದ ದಿನ ಬೆಳಗಿನ ಪೀಕ್ ಹೊತ್ತಿನಲ್ಲಿ ದರ ತುಂಬಾ ಜಾಸ್ತಿ. ಆಫ್-ಪೀಕ್ ಶುರುವಾದ ಮೇಲಿನ ಮೊದಲ ಒಂದೆರಡು ರೈಲು ಹಿಡಿಯಿರಿ. ಅಡ್ವಾನ್ಸ್ ಟಿಕೆಟ್ ಅಗ್ಗ, ನಿಜ. ಆದರೆ ಅದು ಒಂದೇ ರೈಲಿಗೆ ಕಟ್ಟಿದ ಟಿಕೆಟ್. ವಾಪಸು ಬರುವ ರೈಲು ಐದೂಕಾಲಿಗೆ ಅಂತ ಕೊಂಡುಬಿಟ್ಟರೆ ಈವನ್‌ಸಾಂಗ್ ಹೋಯಿತು. ವಾಪಸಿಗೆ ಯಾವ ಆಫ್-ಪೀಕ್ ರೈಲಿನಲ್ಲಾದರೂ ಬರಬಹುದಾದ ರಿಟರ್ನ್ ಟಿಕೆಟ್ಟೇ ಇರಲಿ. ನಾಲ್ಕಾರು ಪೌಂಡ್ ಉಳಿಸಲು ಹೋಗಿ ದಿನದ ಒಳ್ಳೆಯ ಗಂಟೆಯನ್ನು ಕಳೆದುಕೊಳ್ಳಬೇಡಿ.

ಮೂರರಿಂದ ಒಂಬತ್ತು ಜನ ದೊಡ್ಡವರು ಒಟ್ಟಿಗೆ ಹೋಗುತ್ತಿದ್ದರೆ ಗ್ರೂಪ್‌ಸೇವ್ ಕೇಳಿ. ಆಫ್-ಪೀಕ್ ದರದಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ, ಯಾವ ಕಾರ್ಡೂ ಬೇಡ. ಅಪ್ಪ, ಅಮ್ಮ, ನೀವು ಅಂದರೆ ಮೂರು ಜನ ಆಯಿತಲ್ವಾ? ಇಬ್ಬರೇ ಆದರೆ ಟೂ ಟುಗೆದರ್ ರೈಲ್‌ಕಾರ್ಡ್ ಇದೆ. ಪ್ರವಾಸಕ್ಕೆ ಬಂದವರೂ ಕೊಳ್ಳಬಹುದು. ಇಬ್ಬರ ಫೋಟೋ ಬೇಕು, ಇಬ್ಬರೂ ಒಟ್ಟಿಗೇ ಇರಬೇಕು, ವಾರದ ದಿನ ಬೆಳಗ್ಗೆ 9.30ಕ್ಕೆ ಮೊದಲು ನಡೆಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 15ರವರೆಗೆ ಅರ್ಧ.

ವಾಟರ್‌ಲೂನಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಹೊರಡುವ ಸ್ವಲ್ಪ ಮೊದಲಷ್ಟೇ ಬೋರ್ಡಿನ ಮೇಲೆ ಬರುತ್ತದೆ. ಬಂದ ತಕ್ಷಣ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಮಂಡಿನೋವಿನ ಹಿರಿಯರಿದ್ದರೆ ಬೋರ್ಡಿನ ಹತ್ತಿರ ಒಬ್ಬರು ನಿಲ್ಲಿ, ಅವರನ್ನು ಗೇಟಿನ ಸಾಲಿನ ಹತ್ತಿರ ಕೂರಿಸಿ. ರೈಲಿನಲ್ಲಿ ಆಂಡೋವರ್ ಬಂತು ಅಂದರೆ ಚೀಲ, ಕೋಟು ಎತ್ತಿಕೊಳ್ಳಿ. ಅಲ್ಲಿಂದ ಸುಮಾರು 20 ನಿಮಿಷ. ಇದು ಮುಂದೆ ಎಕ್ಸಿಟರ್‌ವರೆಗೂ ಹೋಗುವ ದಾರಿ. ನಿದ್ದೆ ಹತ್ತಿದರೆ ಬಹಳ ದೂರ ಹೋಗಿಬಿಡುತ್ತೀರಿ.

ಹಂತ 4: ಜೊತೆಗೆ ಏನಿರಬೇಕು

ಹಿಡಿತ ಇರುವ ಶೂ. ಟವರ್ ಏರುವವರು ಚಪ್ಪಲಿ ಹಾಕಬೇಡಿ. ಮಳೆ ತಡೆಯುವ ಜಾಕೆಟ್, ಒಳಗೆ ತೆಗೆದು ಹಾಕಬಹುದಾದ ಸ್ವೆಟರ್. ಕಲ್ಲಿನ ಕಟ್ಟಡ, ಜುಲೈನಲ್ಲೂ ಒಳಗೆ ತಣ್ಣಗಿರುತ್ತದೆ. ಒಂದು ಸಣ್ಣ ಬ್ಯಾಗ್ ಸಾಕು. ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ. ಮುಂದಿನ ಊರಿಗೆ ಹೋಗುವ ದಾರಿಯಲ್ಲಿ ಇಳಿದು ನೋಡುತ್ತೇವೆ ಅನ್ನುವವರು ಇಲ್ಲೇ ಎಡವುತ್ತಾರೆ. ದೂರ ನೋಡಲು ಬೈನಾಕ್ಯುಲರ್ ಇದ್ದರೆ ತನ್ನಿ. ಟವರಿನಲ್ಲಿ ಪೆರೆಗ್ರಿನ್ ಫಾಲ್ಕನ್ ಹಕ್ಕಿಗಳು ಗೂಡು ಮಾಡುತ್ತವೆ. ವಸಂತದಲ್ಲಿ ಹುಲ್ಲಿನ ಮೇಲೆ ಕೂತೇ ನೋಡಬಹುದು.

ಹಂತ 5: ನಿಲ್ದಾಣದಿಂದ ಕ್ಯಾಥೆಡ್ರಲ್‌ಗೆ

15 ನಿಮಿಷದ ನಡಿಗೆ. ಹಿರಿಯರಿದ್ದರೆ 25 ಅಂತ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಸಮತಟ್ಟು.

ಮ್ಯಾಪ್ ನೋಡುತ್ತಾ ಹೋದರೆ ಅದು ಯಾವ್ಯಾವುದೋ ಸಂದಿಯಲ್ಲಿ ತಿರುಗಿಸುತ್ತದೆ. ಹೀಗೆ ಹೋಗಿ. ನಿಲ್ದಾಣದಿಂದ ಇಳಿದು ಫಿಶರ್ಟನ್ ಸ್ಟ್ರೀಟ್ ಸೇರಿ. ಊರ ಕಡೆಗೆ ನೇರ ನಡೆಯಿರಿ. ಏವನ್ ನದಿಯ ಸಣ್ಣ ಸೇತುವೆ ಬರುತ್ತದೆ. ದಾಟಿ ಇನ್ನೊಂದಿಷ್ಟು ಹೋದರೆ ಬಲಕ್ಕೆ ಹೈ ಸ್ಟ್ರೀಟ್. ಅದರ ತುದಿಯಲ್ಲಿ ಹಳೇ ಕಲ್ಲಿನ ಹೆಬ್ಬಾಗಿಲು. ಅದೇ ಹೈ ಸ್ಟ್ರೀಟ್ ಗೇಟ್.

ಬಾಗಿಲು ದಾಟಿದರೆ ನೀವು ಕ್ಲೋಸ್ ಒಳಗೆ ಇದ್ದೀರಿ. ನಮ್ಮ ದೊಡ್ಡ ದೇವಸ್ಥಾನಗಳ ಸುತ್ತ ರಥಬೀದಿ, ಅರ್ಚಕರ ಮನೆಗಳು ಇರುತ್ತವಲ್ಲ, ಹಾಗೆ ಕ್ಯಾಥೆಡ್ರಲ್‌ಗೆ ಸೇರಿದ ಮನೆ, ಶಾಲೆ, ಹುಲ್ಲುಹಾಸು ಎಲ್ಲ ಒಂದೇ ಗೋಡೆಯೊಳಗೆ. ಸುಮಾರು 80 ಎಕರೆ. ಬ್ರಿಟನ್ನಿನಲ್ಲಿ ಇಷ್ಟು ದೊಡ್ಡ ಕ್ಲೋಸ್ ಇನ್ನೊಂದಿಲ್ಲ. ಇಲ್ಲಿ ಜನ ವಾಸವಿದ್ದಾರೆ. ಬಾಗಿಲು ತೆರೆದಿದ್ದರೂ ಮನೆಯಂಗಳಕ್ಕೆ ಫೋಟೋಗೆ ಅಂತ ಹೋಗಬೇಡಿ. ರಾತ್ರಿ ಈ ಹೆಬ್ಬಾಗಿಲುಗಳನ್ನು ಮುಚ್ಚಿ ಬೀಗ ಹಾಕುತ್ತಾರೆ. ಕ್ಲೋಸ್ ಒಳಗೇ ರೂಮು ಮಾಡಿದವರು ರಾತ್ರಿ ವಾಪಸು ಬರುವುದು ಹೇಗೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇಲ್ಲಿ ಹುಲ್ಲಿನ ಮೇಲೆ ಅರ್ಧ ಗಂಟೆ ಫೋಟೋ ತೆಗೆಯುತ್ತಾ ನಿಂತುಬಿಡುವುದು ಎಲ್ಲರ ಅಭ್ಯಾಸ. ಬೇಡ. ಬೆಳಗ್ಗೆ ಬಿಸಿಲು ಕಟ್ಟಡದ ಹಿಂಬದಿಗಿರುತ್ತದೆ. ಮುಂಭಾಗ, ಅಂದರೆ ಪಡುವಣ ಗೋಡೆ, ನೆರಳಿನಲ್ಲಿ ಮಂಕಾಗಿ ಕಾಣುತ್ತದೆ. ಅಲ್ಲಿನ ಶಿಲ್ಪಗಳು ಎದ್ದು ಕಾಣುವುದು ಮಧ್ಯಾಹ್ನದ ಮೇಲೆ. ಈಗ ನೇರ ಒಳಗೆ ಹೋಗಿ.

ಹಂತ 6: ಒಳಗೆ, ಈ ಕ್ರಮದಲ್ಲಿ

ಮೊದಲಿಗೆ ನಡವಳಿಕೆ. ಪಾದರಕ್ಷೆ ತೆಗೆಯಬೇಕಿಲ್ಲ. ನಮ್ಮ ಹಿರಿಯರು ಬಾಗಿಲಲ್ಲಿ ನಿಂತು ಚಪ್ಪಲಿ ಎಲ್ಲಿ ಬಿಡುವುದು ಅಂತ ಹುಡುಕುವುದನ್ನು ನೋಡಿದ್ದೇನೆ. ಗಂಡಸರು ಟೋಪಿ ತೆಗೆಯಬೇಕು. ಮೆಲ್ಲಗೆ ಮಾತಾಡಬೇಕು. ನಡುವೆ ಮೈಕಿನಲ್ಲಿ ಪ್ರಾರ್ಥನೆ ಕೇಳಿದರೆ ಇದ್ದಲ್ಲೇ ನಿಂತುಬಿಡಿ. ಒಂದೆರಡು ನಿಮಿಷ ಅಷ್ಟೆ.

*ಮೊದಲು ಮ್ಯಾಗ್ನಾ ಕಾರ್ಟಾ.* ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಇದು ಇರುವ ಚಾಪ್ಟರ್ ಹೌಸ್ (ಪಾದ್ರಿಗಳ ಹಳೇ ಸಭಾಮನೆ) ಕ್ಲಾಯ್ಸ್ಟರ್ ಎಂಬ ಕಂಬಸಾಲಿನ ಮೊಗಸಾಲೆಯ ಆಚೆ ಬದಿಗಿದೆ. ಅಲ್ಲಿ ಕೊನೆಯ ಪ್ರವೇಶ ಕ್ಯಾಥೆಡ್ರಲ್ ಮುಚ್ಚುವುದಕ್ಕಿಂತ ಮುಂಚೆಯೇ ಮುಗಿಯುತ್ತದೆ. ಬೆಳಗ್ಗೆ ಹೋದರೆ ಸಾಲೂ ಚಿಕ್ಕದು. 1215ರ ಮ್ಯಾಗ್ನಾ ಕಾರ್ಟಾ ಪ್ರತಿಗಳಲ್ಲಿ ಉಳಿದಿರುವುದು ನಾಲ್ಕೇ. ಅದರಲ್ಲಿ ಒಂದು ಇಲ್ಲಿದೆ.

ಒಳಗೆ ಕತ್ತಲೆ. ಟೆಂಟಿನಂಥ ಜಾಗದಲ್ಲಿ ಗಾಜಿನ ಹಿಂದೆ ಒಂದೇ ಒಂದು ಚರ್ಮದ ಹಾಳೆ. ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಕೊಡಿ. ಬಂದವರು ಬಗ್ಗಿ, "ರಾಜನ ಸಹಿ ಎಲ್ಲಿ?" ಅಂತ ಹುಡುಕುತ್ತಾರೆ. ಸಹಿ ಇಲ್ಲ, ಯಾವತ್ತೂ ಇರಲಿಲ್ಲ. ಆ ಕಾಲದಲ್ಲಿ ಮುದ್ರೆ ಒತ್ತುತ್ತಿದ್ದರು. ಈ ಪ್ರತಿಯ ಮುದ್ರೆ ಉಳಿದಿಲ್ಲ. ಸಹಿ ಬಿಟ್ಟು ಅಕ್ಷರ ನೋಡಿ. ಸುಮಾರು 3,500 ಲ್ಯಾಟಿನ್ ಪದಗಳು, ಒಂದೇ ಕೈ, ಸಾಸಿವೆ ಸಾಲಿಟ್ಟ ಹಾಗೆ. ಫೋಟೋ ತೆಗೆಯುವಂತಿಲ್ಲ. ಫೋನ್ ಜೇಬಿಗೆ ಹಾಕಿ. ಹೊರಬರುವ ಮುನ್ನ ಚಾಪ್ಟರ್ ಹೌಸ್ ಗೋಡೆಯ ಸುತ್ತ ಬೈಬಲ್ ಕಥೆಗಳ ಉಬ್ಬುಶಿಲ್ಪ ಇದೆ, ನೋಡಿ. ನೋಹನ ನಾವೆಯನ್ನು ಹುಡುಕಲು ಮಕ್ಕಳಿಗೆ ಹೇಳಿ.

*ಆಮೇಲೆ ಪೂರ್ವದ ತುದಿ.* ಟ್ರಿನಿಟಿ ಚಾಪೆಲ್ ಎಂಬ ಸಣ್ಣ ಪ್ರಾರ್ಥನಾ ಜಾಗದಲ್ಲಿ ಗಾಢ ನೀಲಿ ಗಾಜಿನ ಕಿಟಕಿ ಇದೆ. 1980ರದು. ತಮ್ಮ ನಂಬಿಕೆಗಾಗಿ ಜೈಲು ಸೇರಿದವರಿಗೆ ಅರ್ಪಿಸಿದ ಕಿಟಕಿ. ಇದು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲಿಗೇ ಹೊಳೆಯುತ್ತದೆ. ಮಧ್ಯಾಹ್ನ ಬಂದರೆ ಅದೇ ಕಿಟಕಿ ಮಂಕು. ಮ್ಯಾಗ್ನಾ ಕಾರ್ಟಾ ಆದ ತಕ್ಷಣ ಇಲ್ಲಿಗೆ ಬನ್ನಿ ಅನ್ನುವುದು ಇದಕ್ಕೇ.

*ಮೂರನೆಯದು ನಡುಭಾಗದ ಕಂಬಗಳು.* ಕಟ್ಟಡದ ಎರಡು ತೋಳುಗಳು ಕೂಡುವ ಕಡೆ ನಾಲ್ಕು ದೊಡ್ಡ ಕಂಬಗಳಿವೆ. ಅವುಗಳ ಮೇಲೆ ಗೋಪುರ ನಿಂತಿದೆ. ಮುಖ್ಯ ಕಟ್ಟಡ 1220ರಿಂದ 1258ರ ಒಳಗೆ ಮುಗಿದಿತ್ತು. ನೆಲದಿಂದ 123 ಮೀಟರ್ ಎತ್ತರ ಮುಟ್ಟುವ ಗೋಪುರ, ಶಿಖರವನ್ನು ಆಮೇಲೆ ಅದರ ಮೇಲೆ ಏರಿಸಿದರು. 6,000 ಟನ್‌ಗೂ ಜಾಸ್ತಿ ಭಾರ. ಒಂದು ಕಂಬದ ಬುಡಕ್ಕೆ ಬೆನ್ನು ತಾಗುವಷ್ಟು ಹತ್ತಿರ ನಿಂತು, ಕತ್ತೆತ್ತಿ ಕಲ್ಲಿನ ಅಂಚಿನ ಗುಂಟ ಮೇಲಕ್ಕೆ ನೋಡಿ. ಕಲ್ಲು ಬಾಗಿರುವುದು ಬರಿಗಣ್ಣಿಗೆ ಕಾಣುತ್ತದೆ. ದೂರದಿಂದ ನೋಡಿದವರಿಗೆ ಇದು ಗೊತ್ತಾಗುವುದೇ ಇಲ್ಲ. ನಂತರ ನೆಲ ನೋಡಿ. ಅಲ್ಲೊಂದು ಹಿತ್ತಾಳೆಯ ಗುರುತಿದೆ. ಶಿಖರದ ತುದಿ ಸುಮಾರು 70 ಸೆಂಟಿಮೀಟರ್ ವಾಲಿರುವುದನ್ನು ಅದು ತೋರಿಸುತ್ತದೆ. ಇಷ್ಟೆಲ್ಲ ಭಾರ ನಿಂತಿರುವ ಪಾಯ ಬರೀ ನಾಲ್ಕು ಅಡಿಯಷ್ಟು ಆಳ, ಕೆಳಗೆ ಜಲ್ಲಿಯ ನೆಲ. ನೆಲದ ಒಂದು ಕಲ್ಲು ಎತ್ತಿ ಕೋಲು ಇಳಿಸಿ ನೀರಿನ ಮಟ್ಟ ನೋಡುವ ಪದ್ಧತಿ ಇದೆ. ಅಲ್ಲಿರುವ ಸ್ವಯಂಸೇವಕ ಗೈಡ್‌ಗಳನ್ನು ಕೇಳಿ. ತಮ್ಮ ಮನೆಯ ವಿಷಯ ಹೇಳುವಷ್ಟು ಪ್ರೀತಿಯಿಂದ ಹೇಳುತ್ತಾರೆ.

*ನಾಲ್ಕನೆಯದು ಗಡಿಯಾರ.* ನೇವ್ ಅನ್ನುವ ಉದ್ದನೆಯ ಹಜಾರದ ಉತ್ತರ ಬದಿಯಲ್ಲಿದೆ. ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಕಾಣುವುದಿಲ್ಲ. ಯಾಕೆಂದರೆ ಮುಳ್ಳು, ಅಂಕಿ ಇರುವ ಮುಖವನ್ನು ಹುಡುಕುತ್ತಿರುತ್ತಾರೆ. ಇದಕ್ಕೆ ಮುಖವೇ ಇಲ್ಲ. ಕಬ್ಬಿಣದ ಚೌಕಟ್ಟು, ಹಲ್ಲಿನ ಚಕ್ರ, ಹಗ್ಗ. ಗಂಟೆ ಬಡಿದು ಹೊತ್ತು ಹೇಳಲು ಮಾಡಿದ್ದು. 1386ರ ಕಾಲದ್ದೆಂದು ನಂಬಿಕೆ.

*ಕೊನೆಗೆ ನೀರಿನ ತೊಟ್ಟಿ.* ಇಲ್ಲಿ ನಿಜವಾಗಿಯೂ ಹುಷಾರು. ನೇವ್ ನಡುವೆ ಶಿಲುಬೆಯ ಆಕಾರದ ದೊಡ್ಡ ತೊಟ್ಟಿ ಇದೆ. ವಿಲಿಯಂ ಪೈ ಎಂಬ ಶಿಲ್ಪಿ ಮಾಡಿದ್ದು, 2008ರಲ್ಲಿ ಇಟ್ಟರು. ನೀರು ಅಂಚಿನವರೆಗೂ ತುಂಬಿ, ಅಲುಗಾಡದೆ ನಿಂತಿರುತ್ತದೆ. ನಾಲ್ಕು ಮೂಲೆಯಲ್ಲಿ ಸಣ್ಣಗೆ ಹರಿದು ಇಳಿಯುತ್ತದೆ. ಮೇಲ್ಚಾವಣಿಯ ಕಮಾನು, ಕಿಟಕಿ ಎಲ್ಲ ಅದರಲ್ಲಿ ಕಾಣುತ್ತದೆ. ನೋಡಿದವರಿಗೆ ಕರಿ ಗಾಜಿನ ಮೇಜು ಅನಿಸಿಬಿಡುತ್ತದೆ. ಅದರ ಮೇಲೆ ಬ್ಯಾಗು, ಪುಸ್ತಕ, ಫೋನು ಇಟ್ಟು ನೀರುಪಾಲು ಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಒಮ್ಮೆ ನಮ್ಮ ಚಿಕ್ಕಮ್ಮ ಕನ್ನಡಕ ಒರೆಸಿಕೊಳ್ಳಲು ವ್ಯಾನಿಟಿ ಬ್ಯಾಗ್ ಇಡಲು ಹೋದಾಗ ಕೈ ಹಿಡಿದು ತಡೆದಿದ್ದೆ. ಫೋಟೋ ತೆಗೆಯುವುದಾದರೆ ಫೋನನ್ನು ನೀರಿನ ಮಟ್ಟಕ್ಕೆ ಇಳಿಸಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ತೆಗೆಯಿರಿ.

ಇದಕ್ಕೆಲ್ಲ ಎರಡು ಗಂಟೆ ಇಡಿ. ಟವರ್‌ಗೆ ಮೊದಲು ಮುಗಿಯದಿದ್ದರೆ ಉಳಿದಿದ್ದನ್ನು ಇಳಿದ ಮೇಲೆ ನೋಡಿ. ಅರ್ಧ ಗಂಟೆ ಸಾಕು ಅಂದುಕೊಂಡು ಬಂದರೆ ಅರ್ಧಂಬರ್ಧ ನೋಡಿ ಹೊರಡಬೇಕಾಗುತ್ತದೆ.

ಹಂತ 7: ಟವರ್ ಏರುವುದು

332 ಮೆಟ್ಟಿಲು. ಲಿಫ್ಟ್ ಇಲ್ಲ. ಹೋಗಿ ಬರಲು ಒಂದೂವರೆ ಗಂಟೆಗೆ ಮೇಲೆ. ಒಂದೇ ಉಸಿರಿಗೆ ಏರಿಸುವುದಿಲ್ಲ. ನಡುನಡುವೆ ಮಹಡಿಗಳಲ್ಲಿ ನಿಲ್ಲಿಸಿ ಗೈಡ್ ವಿವರಿಸುತ್ತಾರೆ, ಅಷ್ಟರಲ್ಲಿ ಸುಧಾರಿಸಿಕೊಳ್ಳಬಹುದು. ಏರುವುದು ಶಿಖರದ ಬುಡದವರೆಗೆ, ತುದಿಗಲ್ಲ. ಅಲ್ಲಿಂದ ತಲೆಯೆತ್ತಿದರೆ ಟೊಳ್ಳು ಶಿಖರದ ಒಳಗೆ ಕಟ್ಟುವ ಕಾಲದಲ್ಲಿ ಹಾಕಿದ ಮರದ ಅಟ್ಟಣಿಗೆ ಇನ್ನೂ ಹಾಗೇ ನಿಂತಿದೆ. ನನಗೆ ಹೊರಗಿನ ನೋಟಕ್ಕಿಂತ ಇದೇ ಇಷ್ಟ.

ಸುರುಳಿ ಮೆಟ್ಟಿಲು ತುಂಬಾ ಕಿರಿದು. ಎದುರಿನವರಿಗೆ ದಾರಿ ಬಿಡಲು ಜಾಗ ಇಲ್ಲ. ಅರ್ಧದಲ್ಲಿ "ನನಗೆ ಆಗಲ್ಲ" ಅಂದರೆ ಇಡೀ ಗುಂಪು ನಿಲ್ಲಬೇಕಾಗುತ್ತದೆ. ಎದೆ ತೊಂದರೆ, ಮಂಡಿ ನೋವು, ತಲೆಸುತ್ತು, ಇಕ್ಕಟ್ಟಿನ ಜಾಗದ ಭಯ ಇರುವವರು ಹೋಗಲೇಬೇಡಿ. ಮಕ್ಕಳಿಗೆ ವಯಸ್ಸಿನ ಮಿತಿ ಇದೆ, ಬುಕ್ ಮಾಡುವಾಗ ನೋಡಿ. ಸೀರೆ ಉಟ್ಟವರಿಗೆ ಈ ಮೆಟ್ಟಿಲು ಕಷ್ಟ. ಅಮ್ಮಂದಿರು ಏರುವುದಿದ್ದರೆ ಅವತ್ತು ಚೂಡಿದಾರ್ ಇರಲಿ.

ಅಪ್ಪ ಅಮ್ಮನನ್ನು ಕೆಳಗೆ ಬಿಟ್ಟು ನೀವು ಏರುವುದಾದರೆ ಎಲ್ಲಿ ಕೂರುತ್ತಾರೆ ಅಂತ ಮೊದಲೇ ಗೊತ್ತು ಮಾಡಿ. "ಇಲ್ಲೇ ಎಲ್ಲಾದರೂ ಇರಿ" ಅಂದು ಹೋದರೆ ಇಳಿದ ಮೇಲೆ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಕ್ಯಾಥೆಡ್ರಲ್‌ನ ರಿಫೆಕ್ಟರಿ, ಅಂದರೆ ಅಲ್ಲಿನ ಉಪಾಹಾರ ಗೃಹ, ಒಳ್ಳೆಯ ಜಾಗ. ಗಾಜಿನ ಛಾವಣಿ, ಟೀ ಕುಡಿಯುತ್ತಾ ತಲೆಯೆತ್ತಿದರೆ ಶಿಖರ ಕಾಣುತ್ತದೆ. ಅವರ ಹತ್ತಿರ ನಡೆಯುವ ಫೋನ್ ಇರಲಿ.

*ಎಚ್ಚರಿಕೆ:* ಗಾಳಿ ಜೋರಿದ್ದರೆ ಟೂರ್ ರದ್ದಾಗಬಹುದು. ಹೊರಡುವ ಮೊದಲು ಮೇಲ್ ನೋಡಿ.

ಹಂತ 8: ಊಟ

ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಎರಡೂವರೆ, ಮೂರಕ್ಕೆ ಎಷ್ಟೋ ಅಡುಗೆಮನೆಗಳು ಬಂದ್. ಟವರ್ ಇಳಿದು ಮೂರೂವರೆಗೆ ಹೋದರೆ ಕೇಕು, ಟೀ ಅಷ್ಟೇ ಸಿಗುವುದು. ಒಂದು ಗಂಟೆಗೆ ಟವರ್ ಇದ್ದರೆ ಹನ್ನೆರಡಕ್ಕೇ ಊಟ ಮುಗಿಸಿ. ಆದರೆ ಹೊಟ್ಟೆ ಬಿರಿಯುವಷ್ಟು ಬೇಡ.

ಸಸ್ಯಾಹಾರಿಗಳು ಮೆನುವಿನಲ್ಲಿ "ವಿ" ಗುರುತು ನೋಡಿ. ಗುರುತಿಲ್ಲದ ತರಕಾರಿ ಸೂಪಿನಲ್ಲಿ ಕೋಳಿ ಸಾರು ಇರಬಹುದು, ಕೇಳಿ. ಕೆಲವು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆ ಯಾವುದು ಅಂತ ಕೇಳದೆ ಕೊಳ್ಳಬೇಡಿ. ಜಾಕೆಟ್ ಪೊಟೇಟೊ (ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ) ಮತ್ತು ಬೇಕ್ಡ್ ಬೀನ್ಸ್ ನಂಬಿಕಸ್ಥ ಊಟ. ಪಬ್ಬಿನಲ್ಲಿ ಕೂತು ವೇಟರ್‌ಗೆ ಕಾಯಬೇಡಿ. ಮೇಜಿನ ನಂಬರ್ ನೋಡಿಕೊಂಡು ಕೌಂಟರಿಗೆ ಹೋಗಿ ಆರ್ಡರ್ ಕೊಡುವುದು ಸಾಮಾನ್ಯ ಪದ್ಧತಿ.

ಮನೆಯಿಂದ ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಬಂದರೆ ಇನ್ನೂ ಚೆನ್ನ. ಕ್ಲೋಸ್‌ನ ಹುಲ್ಲಿನ ಮೇಲೆ ಕೂತು ತಿನ್ನಬಹುದು. ಕಟ್ಟಡದ ಒಳಗೆ ಡಬ್ಬಿ ತೆರೆಯಬೇಡಿ. ಕಸ ವಾಪಸು ತನ್ನಿ.

ಹಂತ 9: ಮಧ್ಯಾಹ್ನ ಗದ್ದೆಯ ದಾರಿ

ಈಗ ಫೋಟೋಗೆ ಸಮಯ. ಪಡುವಣ ಗೋಡೆಗೆ ಬಿಸಿಲು ಬಂದಿರುತ್ತದೆ. ಹುಲ್ಲಿನ ಮೇಲೆ ಶಿಲ್ಪಿ ಎಲಿಜಬೆತ್ ಫ್ರಿಂಕ್ ಮಾಡಿದ, ನಡೆಯುತ್ತಿರುವ ಮೇರಿಯ (ಯೇಸುವಿನ ತಾಯಿ) ಕಂಚಿನ ಪ್ರತಿಮೆ ಇದೆ. ಆಕೆ ಕ್ಯಾಥೆಡ್ರಲ್‌ಗೆ ಬೆನ್ನು ಹಾಕಿ ಊರ ಕಡೆ ಬಿರುಸಾಗಿ ಹೊರಟಿದ್ದಾಳೆ. ಪೀಠವಿಲ್ಲ, ಹುಲ್ಲಿನ ಮೇಲೇ ಕಾಲು. ಪಕ್ಕದಲ್ಲಿ ನಿಂತರೆ ನಿಮ್ಮ ಜೊತೆ ನಡೆಯುವವಳೊಬ್ಬಳು ಅನಿಸುತ್ತದೆ.

ಕಾಲಿಗೆ ಶಕ್ತಿ ಇದ್ದರೆ ಕ್ಲೋಸ್‌ನಿಂದ ಹೊರಬಂದು ಕ್ವೀನ್ ಎಲಿಜಬೆತ್ ಗಾರ್ಡನ್ಸ್ ದಾಟಿ ಟೌನ್ ಪಾತ್ ಹಿಡಿಯಿರಿ. ನೀರುಗದ್ದೆಗಳ (ನದಿ ನೀರು ಹಾಯಿಸುವ ಹುಲ್ಲುಗಾವಲು) ನಡುವೆ ಹಾರ್ನಮ್ ಮಿಲ್‌ವರೆಗೆ ಹೋಗುವ ಕಾಲುದಾರಿ. ಹಿಂತಿರುಗಿ ನೋಡಿದಾಗ ಇಡೀ ಕಟ್ಟಡ ಹಸಿರಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಹತ್ತಿರದಿಂದ ಎಷ್ಟು ಪ್ರಯತ್ನಿಸಿದರೂ ಶಿಖರ ಫ್ರೇಮಿನಲ್ಲಿ ಹಿಡಿಸುವುದಿಲ್ಲ, ಇಲ್ಲಿ ಹಿಡಿಸುತ್ತದೆ. ಹೋಗಿ ಬರಲು ಒಂದು ಗಂಟೆ. ಚಳಿಗಾಲದಲ್ಲಿ ಈ ದಾರಿ ನೀರಿನಲ್ಲಿ ಮುಳುಗುವುದುಂಟು. ಅಂಥ ದಿನ ಬಿಟ್ಟುಬಿಡಿ.

ಹಂತ 10: ಈವನ್‌ಸಾಂಗ್

ವಾರದ ದಿನ ಸಾಮಾನ್ಯವಾಗಿ ಸಂಜೆ 5.30ಕ್ಕೆ. ಮುಕ್ಕಾಲು ಗಂಟೆ. 15 ನಿಮಿಷ ಮೊದಲೇ ಬಂದು ಬಾಗಿಲಲ್ಲಿರುವವರಿಗೆ "ಈವನ್‌ಸಾಂಗ್‌ಗೆ ಬಂದಿದ್ದೇವೆ" ಅನ್ನಿ. ಬೇರೆ ಧರ್ಮದವರು ಹೋಗಬಹುದಾ ಅಂತ ತುಂಬಾ ಜನ ಹಿಂಜರಿಯುತ್ತಾರೆ. ಖಂಡಿತ ಹೋಗಬಹುದು. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಫೋಟೋ, ರೆಕಾರ್ಡಿಂಗ್ ಬೇಡ. ನಡುವೆ ಎದ್ದು ಬರುವುದು ಸರಿಯಲ್ಲ. ಹಾಗಾಗಿ ತೀರಾ ಸಣ್ಣ ಮಕ್ಕಳಿದ್ದರೆ ಹಿಂದಿನ ಸಾಲು ಹಿಡಿಯಿರಿ.

ಹಸಿರು ನಿಲುವಂಗಿಯ ಮಕ್ಕಳು ಎರಡು ಸಾಲಾಗಿ ಬರುತ್ತಾರೆ. ಹುಡುಗಿಯರಿಗೂ ಹೀಗೆ ಹಾಡಲು ಪ್ರತ್ಯೇಕ ತಂಡವನ್ನು 1991ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಕಟ್ಟಿದ್ದು ಇದೇ ಕ್ಯಾಥೆಡ್ರಲ್. ಹಾಡು ನಿಂತ ಮೇಲೂ ದನಿ ಮೇಲೆ ಕಮಾನುಗಳಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಇಂಗ್ಲಿಷ್ ಬರದ ನನ್ನ ಅಮ್ಮ ಎರಡನೇ ಸಲ ಬಂದಾಗ ಇಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಶಾಲೆಯ ರಜೆಯಲ್ಲಿ ಈ ಮಕ್ಕಳಿರುವುದಿಲ್ಲ, ಬೇರೆ ಊರಿನ ತಂಡಗಳು ಹಾಡುತ್ತವೆ. ಕೆಲವು ದಿನ ಹಾಡಿಲ್ಲದ ಪ್ರಾರ್ಥನೆ ಮಾತ್ರ. ಅದಕ್ಕೇ ಮೊದಲೇ ನೋಡಿ ಅಂದಿದ್ದು.

ಸ್ಟೋನ್‌ಹೆಂಜ್ ಬಿಡೋಕೆ ಆಗಲ್ಲ ಅನ್ನುವವರಿಗೆ

ನನ್ನ ಸಲಹೆ, ಒಂದು ರಾತ್ರಿ ಸಾಲ್ಸ್‌ಬರಿಯಲ್ಲಿ ಉಳಿದು ಮರುದಿನ ಹೋಗಿ. ಒಂದೇ ದಿನ ಆಗಬೇಕು ಅಂದರೆ ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಾತ್ರ ಪ್ರಯತ್ನಿಸಿ. ಬೆಳಗಿನ ಮೊದಲ ಹೊತ್ತಿನ ಟಿಕೆಟ್ ಬುಕ್ ಮಾಡಿ. ಸಾಲ್ಸ್‌ಬರಿ ನಿಲ್ದಾಣದ ಎದುರಿನಿಂದಲೇ ಸ್ಟೋನ್‌ಹೆಂಜ್ ಟೂರ್ ಬಸ್ಸು ಹೊರಡುತ್ತದೆ. ಕಲ್ಲುಗಳು ಸುಮಾರು 16 ಕಿಲೋಮೀಟರ್ ದೂರ. ಬಸ್ಸು ಇಳಿಸುವುದು ಕಲ್ಲಿನ ಹತ್ತಿರ ಅಲ್ಲ, ವಿಸಿಟರ್ ಸೆಂಟರ್ ಹತ್ತಿರ. ಅಲ್ಲಿಂದ ಕಲ್ಲಿಗೆ ಎರಡು ಕಿಲೋಮೀಟರಿಗೂ ಜಾಸ್ತಿ, ನಡೆಯಬೇಕು ಇಲ್ಲವೇ ಇನ್ನೊಂದು ಬಸ್ಸು ಹತ್ತಬೇಕು. ಈ ಎರಡನೇ ಬಸ್ಸನ್ನು ಲೆಕ್ಕಕ್ಕೆ ಹಿಡಿಯದಿರುವುದರಿಂದಲೇ ಎಲ್ಲರ ದಿನ ಕೆಡುವುದು. ಸಾಲ್ಸ್‌ಬರಿಯಿಂದ ಹೊರಟು ವಾಪಸು ಬರಲು ನಾಲ್ಕು ಗಂಟೆ ಹಿಡಿಯಿರಿ. ಸಾಮಾನ್ಯ ಟಿಕೆಟ್‌ನಲ್ಲಿ ಕಲ್ಲುಗಳ ನಡುವೆ ಬಿಡುವುದಿಲ್ಲ, ಹಗ್ಗದಾಚೆಯಿಂದ ನೋಡಬೇಕು. ಒಂದೂವರೆಯೊಳಗೆ ವಾಪಸು ಬಂದರೆ ಚಾಪ್ಟರ್ ಹೌಸ್ ಮತ್ತು ಕ್ಯಾಥೆಡ್ರಲ್ ಸಿಗುತ್ತದೆ. ಟವರ್ ಮತ್ತು ಗದ್ದೆಯ ದಾರಿ ಬಿಡಬೇಕಾಗುತ್ತದೆ. ಜೂನ್ 20, 21ರ ಸುಮಾರಿಗೆ ಬೇಡ. ಅತಿ ದೀರ್ಘ ಹಗಲಿನ ಆಚರಣೆಗೆ ಅಲ್ಲಿ ಸಾವಿರಾರು ಜನ ಸೇರುತ್ತಾರೆ.

ವಾಪಸು ಬರುವಾಗ

ಈವನ್‌ಸಾಂಗ್ ಮುಗಿಯುವುದು ಆರೂಕಾಲಿಗೆ. ನಡೆದು ನಿಲ್ದಾಣಕ್ಕೆ ಬಂದರೆ ಏಳರ ಒಳಗೆ ರೈಲು ಸಿಗುತ್ತದೆ. ಅದು ತಪ್ಪಿದರೂ ಗಾಬರಿ ಬೇಡ, ಆಮೇಲೂ ರೈಲುಗಳಿವೆ. ಆದರೆ ಹೊತ್ತಾದಂತೆ ಅವುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ. ಕೊನೆಯ ರೈಲು ಎಷ್ಟಕ್ಕೆ ಅಂತ ಬೆಳಗ್ಗೆಯೇ ಬರೆದುಕೊಂಡಿರಿ.

ಬೇಸಿಗೆಯಾದರೆ ವಾಟರ್‌ಲೂ ಮುಟ್ಟುವಾಗಲೂ ಬೆಳಕಿರುತ್ತದೆ. ಅಲ್ಲಿಂದ ಥೇಮ್ಸ್ ದಂಡೆಗೆ ಬಂದು, ಪಾರ್ಲಿಮೆಂಟನ್ನು ಆಚೆ ದಡದಲ್ಲಿ ಇಟ್ಟುಕೊಂಡು ಲ್ಯಾಂಬೆತ್ ಸೇತುವೆಯ ಕಡೆ ನಡೆಯಿರಿ. 25 ನಿಮಿಷದ ಒಳಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪುತ್ಥಳಿ ಸಿಗುತ್ತದೆ. 2015ರ ನವೆಂಬರ್ 14ರಂದು ಅನಾವರಣ ಆದದ್ದು. ಬೆಳಗ್ಗೆ ಮ್ಯಾಗ್ನಾ ಕಾರ್ಟಾ ನೋಡಿದ ಕಾಲು ಸಂಜೆ ಅನುಭವ ಮಂಟಪದ ಬಸವಣ್ಣನ ಎದುರು ಬಂದು ನಿಲ್ಲುತ್ತದೆ. ನನ್ನ ಅಪ್ಪ ಅಲ್ಲಿ ಶೂ ಬಿಚ್ಚಿ ಕೈ ಮುಗಿದರು.